ಹರಿಗೋಲಿನ ತಳ ಹರಿದ ದಿನ

ಇವತ್ತು ಗಂಗಾವತಿಯಲ್ಲಿ ರಸ್ತೆಗೆ ಡಾಂಬರು ಹಾಕುತ್ತಿದ್ದರು. ಆ ವಾಸನೆಗೆ ಅಪ್ಪನ ಹರಿಗೋಲು ನೆನಪಾಯಿತು.

ನಾನು ಚಿಕ್ಕವಳಿದ್ದಾಗ ಅಪ್ಪ ತುಂಗಭದ್ರೆಯಲ್ಲಿ ಹರಿಗೋಲು ನಡೆಸುತ್ತಿದ್ದ. ಬಿದಿರಿನ ಬುಟ್ಟಿಗೆ ತಾಡಪತ್ರಿ ಹೊಲಿದು, ಮೇಲೆ ಡಾಂಬರು ಬಳಿಯುತ್ತಿದ್ದ. ಒಂದು ವರ್ಷ ಆ ಹೊದಿಕೆ ಸವೆದಿತ್ತು.

"ದಪ್ಪನ್ನ ತಾಡಪತ್ರಿ ತಂದು ಹಾಕ್ರಿ," ಎಂದಳು ಅವ್ವ.

"ಇನ್ನೊಂದು ಮಳಿಗಾಲ ಬಾಳ್ತೈತಿ," ಎಂದ ಅಪ್ಪ.

ಒಂದು ಮುಂಜಾನೆ ನಾವು ಮೂವರೂ ಹೊಳೆ ದಾಟುವಾಗ, ನಡುನೀರಿನಲ್ಲಿ ತಳ ಬಂಡೆಗೆ ಉಜ್ಜಿ ಹರಿಯಿತು. ನೀರು ನನ್ನ ಪಾದ ಮುಚ್ಚಿತು. ಅವ್ವ ಹರಿದಲ್ಲಿಗೆ ಸೆರಗು ತುರುಕಿ ಅದರ ಮೇಲೆಯೇ ಕುಳಿತಳು.

"ಅಲ್ಲಾಡಬ್ಯಾಡವಾ, ನನ್ನ ಹಿಡ್ಕೊ," ಎಂದಳು.

ಅಪ್ಪ ದಡದತ್ತ ಬಿರುಸಾಗಿ ಹುಟ್ಟು ಹಾಕುತ್ತಿದ್ದ.

ದಡ ಮುಟ್ಟಿದರೂ ಅವ್ವ ಏಳಲಿಲ್ಲ. "ದಂಡಿಗೆ ಬಂದೇವಿ, ಏಳು," ಎಂದು ಅಪ್ಪ ಅವಳ ಕೈ ಹಿಡಿದು ಎಬ್ಬಿಸಬೇಕಾಯಿತು.

ಈಗ ಸೇತುವೆಯಿದೆ. ಬಸ್ಸಿನಲ್ಲಿ ಹೊಳೆ ದಾಟುವಾಗಲೂ ನಾನು ಕಾಲು ಮೇಲೆತ್ತಿಕೊಂಡೇ ಕೂರುತ್ತೇನೆ.