ನಿಂತವರ ನಗರ

ಜೆ.ಪಿ. ನಗರದ ಆ ಅಪಾರ್ಟ್‌ಮೆಂಟಿನಲ್ಲಿ ಶಶಿಕಾಂತರಷ್ಟು ಒಳ್ಳೆಯ ಮನುಷ್ಯ ಇನ್ನೊಬ್ಬರಿಲ್ಲ ಎಂಬುದು ಎಲ್ಲರ ಅಭಿಪ್ರಾಯ. ಶಶಿಕಾಂತರದೂ ಅದೇ ಅಭಿಪ್ರಾಯವಾಗಿತ್ತು. ಶ್ರೀನಗರದ ವಠಾರದಲ್ಲಿ ಬೆಳೆದು, ವಿಮಾ ಕಚೇರಿಯಲ್ಲಿ ದುಡಿದು ನಿವೃತ್ತರಾದವರು. ಯಾರ ಮೇಲೂ ದನಿ ಎತ್ತಿದವರಲ್ಲ, ಪೇಪರ್ ಹಾಕುವ ಹುಡುಗನಿಗೂ ‘ಬನ್ನಿ, ಹೋಗಿ’ ಎನ್ನುವವರು. ನಿವೃತ್ತಿಯ ಮೇಲೆ ಒಂದು ಚಟ ಹತ್ತಿತ್ತು: ಮುಂದೆ ಬರಲಿರುವ ಕೆಟ್ಟ ಕಾಲದ ಕಥೆಗಳನ್ನು ಓದುವುದು. ಉಸಿರಾಡಲೂ ಅಪ್ಪಣೆ ಬೇಕಾದ ಊರುಗಳನ್ನು ಓದಿ, ಛೆ ಛೆ ಎಂದು ಮರುಗುತ್ತ ಕಾಫಿ ಹೀರುವುದರಲ್ಲಿ ಅವರಿಗೊಂದು ಸುಖವಿತ್ತು.

ಈ ರಾಜ್ಯೋತ್ಸವಕ್ಕೆ ತಾವೇ ಅಂಥದೊಂದು ನಾಟಕ ಬರೆದರು. ಅವರು ಕಲ್ಪಿಸಿದ ನಗರದಲ್ಲಿ ಕುಳಿತುಕೊಳ್ಳುವ ಹಕ್ಕು ದೊರೆಗೆ ಮಾತ್ರ. ಮಿಕ್ಕವರು ಬದುಕಿಡೀ ನಿಂತೇ ಇರಬೇಕು. ಬೆಂಚು, ಮಂಚ, ಜಗಲಿ ಎಲ್ಲ ಜಪ್ತಿಯಾಗಿವೆ. ಕೊನೆಗೆ ಜನರೆಲ್ಲ ಒಟ್ಟಾಗಿ ಬೀದಿಯಲ್ಲಿ ಕುಳಿತುಬಿಡುತ್ತಾರೆ, ದೊರೆಯ ಕುರ್ಚಿಗೆ ಬೆಲೆಯೇ ಉಳಿಯುವುದಿಲ್ಲ. ಹೆಂಡತಿ ಶಾಲಿನಿ ಓದಿ, "ಚೆನ್ನಾಗಿದೆ ಕಣ್ರೀ, ಇದೆಲ್ಲ ಎಲ್ಲಿಂದ ಹೊಳೀತು ನಿಮ್ಗೆ?" ಎಂದರು. ಶಶಿಕಾಂತರು ತಮ್ಮ ತಲೆ ಮುಟ್ಟಿ ತೋರಿಸಿದರು.

ದೊರೆಯ ವೇಷಕ್ಕೆ ಯಾರೂ ಒಪ್ಪಲಿಲ್ಲ. ಎಲ್ಲರಿಗೂ ದಂಗೆ ಏಳುವ ಪಾತ್ರವೇ ಬೇಕು. ಕೊನೆಗೆ ಗೇಟಿನ ಸೆಕ್ಯೂರಿಟಿ ಸಿದ್ದಾರೂಢ ಸಿಕ್ಕ. ಗದಗದ ಕಡೆಯವನು, ಊರಿನ ಬಯಲಾಟದಲ್ಲಿ ಕುಣಿದವನು, ಕಂಚಿನ ಕಂಠ. ಸಿಂಹಾಸನಕ್ಕೆಂದು ಕ್ಲಬ್‌ಹೌಸಿನ ಮೂಲೆಯಿಂದ ಪ್ಲಾಸ್ಟಿಕ್ ಕುರ್ಚಿಯೊಂದನ್ನು ತಂದು ಶಶಿಕಾಂತರು ಜರಿ ಬಟ್ಟೆ ಹೊದಿಸುತ್ತಿದ್ದಾಗ ಅವನು ಬಗ್ಗಿ ನೋಡಿದ.

"ಇದು ನಮ್ಮ ಗೇಟಿನ ಕುರ್ಚಿ ಅಲ್ರೀ ಸರ? ಕಾಲು ಸೀಳಿತ್ತು, ತಂತಿ ಕಟ್ಟಿದ್ದು ನಾನ ರೀ."

ದನಿಯಲ್ಲಿ ದೂರಿರಲಿಲ್ಲ. ಹಳೆಯ ಪರಿಚಯದವರು ಸಿಕ್ಕ ಹಾಗೆ ನಕ್ಕ.

ಶಶಿಕಾಂತರ ಕೈ ಅಲ್ಲೇ ನಿಂತಿತು. ಬೇಸಿಗೆಯ ಒಂದು ಮಧ್ಯಾಹ್ನ ಸಿದ್ದಾರೂಢ ಗೇಟಿನಲ್ಲಿ ತೂಕಡಿಸಿದ್ದ. ಯಾರೋ ಫೋಟೋ ತೆಗೆದು ಅಪಾರ್ಟ್‌ಮೆಂಟಿನ ವಾಟ್ಸಾಪ್ ಗ್ರೂಪಿಗೆ ಹಾಕಿದ್ದರು. ಅಸೋಸಿಯೇಷನ್ ಸಭೆಯಲ್ಲಿ "ಕುರ್ಚಿ ಇದ್ರೆ ತಾನೆ ನಿದ್ದೆ? ಕುರ್ಚೀನೇ ತೆಗೆದ್ಬಿಡೋಣ" ಎಂದವರು ಸೆಕ್ರೆಟರಿ ಶಶಿಕಾಂತರು. ಎಲ್ಲರೂ ನಕ್ಕಿದ್ದರು, ನಗಿಸಿದೆನಲ್ಲ ಎಂದು ಅವರಿಗೂ ಖುಷಿಯಾಗಿತ್ತು. ಆಮೇಲೆ ಮರೆತೇಬಿಟ್ಟರು. ದಿನಾ ಆ ನಿಂತವನ ಸಲಾಮು ಪಡೆದು ಮನೆಗೆ ಬಂದು, ಯಾರೂ ಕೂರದ ನಗರವೊಂದನ್ನು ಸ್ವಂತ ಕಲ್ಪನೆ ಎಂದುಕೊಂಡು ಬರೆದಿದ್ದರು. ಕಿವಿ ಬಿಸಿಯಾಯಿತು. ನಾಚಿಕೆಯಿಂದ ತಲೆ ತಗ್ಗಿಸಿ, ಸರಿಯಾಗಿಯೇ ಇದ್ದ ಜರಿಯಂಚನ್ನು ಮತ್ತೆ ಮತ್ತೆ ಸರಿಮಾಡಿದರು.

ಕುರ್ಚಿ ತೆಗೆಸಿದ್ದು ನಾನು, ನಾಳೆಯಿಂದ ಅದು ಮತ್ತೆ ಗೇಟಿಗೆ ಹೋಗುತ್ತದೆ ಎಂದು ನಾಟಕ ಮುಗಿದ ಮೇಲೆ ಮೈಕಿನಲ್ಲೇ ಹೇಳಿಬಿಡುವುದೆಂದು ನಿರ್ಧರಿಸಿದರು.

ನಾಟಕ ಗೆದ್ದಿತು. ಸಿದ್ದಾರೂಢ ಕಾಲ ಮೇಲೆ ಕಾಲು ಹಾಕಿ ಗುಡುಗಿದರೆ ಮಕ್ಕಳು ಅಮ್ಮಂದಿರಿಗೆ ಅಂಟಿಕೊಂಡವು. ಎಲ್ಲರೂ ನೆಲದ ಮೇಲೆ ಕುಳಿತ ಕೊನೆಯ ದೃಶ್ಯಕ್ಕೆ ಚಪ್ಪಾಳೆಯೋ ಚಪ್ಪಾಳೆ. ಅಸೋಸಿಯೇಷನ್ ಅಧ್ಯಕ್ಷ ಮಯೂರ್ ಶಾಲು ಹೊದಿಸಿ, "ನಮ್ ಸಾರ್ ಬರೀ ರೈಟರ್ ಅಲ್ಲ, ಮನುಷ್ಯತ್ವ ಇರೋ ರೈಟರ್" ಎಂದ. ಶಶಿಕಾಂತರು ಮೈಕು ಹಿಡಿದರು. ಊಟದ ವ್ಯವಸ್ಥೆ ಮಾಡಿದವರಿಗೆ ಧನ್ಯವಾದ ಹೇಳಿ ಇಳಿದರು. ಎಂಥ ಹೇಡಿ ನಾನು ಎನಿಸಿತು.

ಜನ ಬಿಸಿಬೇಳೆಬಾತಿನ ಕಡೆ ನುಗ್ಗಿದಾಗ ಕುರ್ಚಿ ಎತ್ತಿಕೊಂಡು ಗೇಟಿನತ್ತ ಹೊರಟರು. ಹೇಳಲಾಗದಿದ್ದರೇನು, ಇಟ್ಟು ಬಂದರಾಯಿತು. ಸಿದ್ದಾರೂಢ ಆಗಲೇ ಯೂನಿಫಾರಂ ತೊಟ್ಟು ಗೇಟಿನಲ್ಲಿ ನಿಂತಿದ್ದ. ಅಷ್ಟರಲ್ಲಿ ತಟ್ಟೆ ಹಿಡಿದು ಹಿಂದೆಯೇ ಬಂದ ಮಯೂರ್, "ಸಾರ್, ಕುರ್ಚಿ ಎಲ್ಲಿಗೆ?" ಎಂದ.

ಉತ್ತರ ಹೇಳಹೊರಟರೆ ಸಭೆಯಲ್ಲಿ ತಾವಾಡಿದ ಮಾತಿನಿಂದಲೇ ಶುರುಮಾಡಬೇಕು. ಶಶಿಕಾಂತರು ಕುರ್ಚಿಯನ್ನು ಇನ್ನೊಂದು ಕೈಗೆ ಬದಲಿಸಿಕೊಂಡರು. ಸಿದ್ದಾರೂಢ ಓಡಿಬಂದ.

"ನೀವ್ಯಾಕ ಹೊತ್ಕೊಂಡ್ ಹೊಂಟೀರಿ ಸರ, ಇಲ್ಲಿ ಕೊಡ್ರಿ. ಎಲ್ಲಿಡ್ಲಿ?"

ಇಬ್ಬರೂ ಅವರ ಮುಖ ನೋಡುತ್ತಿದ್ದರು.

"ಕ್ಲಬ್‌ಹೌಸಲ್ಲಿ ಇಟ್ಬಿಡಿ" ಎಂದರು ಶಶಿಕಾಂತರು.

ಸಿದ್ದಾರೂಢ ಕುರ್ಚಿಯನ್ನು ತಲೆಯ ಮೇಲಿಟ್ಟುಕೊಂಡು ಹೋದ. ಮಯೂರ್ ಊಟಕ್ಕೆ ತಿರುಗಿದ. ಗೇಟಿನಲ್ಲಿ ಯಾರೂ ಇಲ್ಲವಲ್ಲ ಎಂದು ಶಶಿಕಾಂತರೇ ಶಾಲು ಹೊದ್ದು ಅಲ್ಲಿ ನಿಂತರು. ಅವನು ವಾಪಸ್ಸು ಬರುವುದು ಕಂಡಾಗ, ಮುಖ ತೋರಿಸಲಾರದೆ ಬೀದಿಯ ಕಡೆ ತಿರುಗಿದರು.