ಅಪ್ಪನ ಭತ್ತಕ್ಕೊಂದು ಚೀಟಿ

ನನಗೆ ಮೈಕ್ ಕೊಡಬಾರದು. ಬೆಳುವಾಯಿಯಲ್ಲಿ ಇದು ಎಲ್ಲರಿಗೂ ಗೊತ್ತುಂಟು, ಆದರೂ ಕೊಟ್ಟರು.

ಅಂದು ಗ್ರಾಮಸಭೆಗೆ ಕೃಷಿ ಇಲಾಖೆಯವರೊಬ್ಬರು ಬಂದು ಜೀನ್ ತಿದ್ದಿದ ಭತ್ತದ ವಿಷಯ ಹೇಳುತ್ತಿದ್ದರು. ಹೊರಗಿನದ್ದೇನೂ ಸೇರಿಸುವುದಿಲ್ಲ, ಭತ್ತದೊಳಗೆ ಇದ್ದದ್ದನ್ನೇ ಸ್ವಲ್ಪ ತಿದ್ದುವುದು. ಅದಕ್ಕೆ ಸಡಿಲ ನಿಯಮ ಸಾಕೋ, ಬಿಗಿ ಬೇಕೋ, ನೀವೇನು ಹೇಳ್ತೀರಿ ಅಂತ ಕೇಳಿದರು. ಹಿಂದಿನ ಬೆಂಚಿನಿಂದ ಒಬ್ಬರು, "ಗದ್ದೆಗೆ ನುಗ್ಗುವ ಹಂದಿಗೆ ರುಚಿಸದ ಹಾಗೆ ತಿದ್ದಲಿಕ್ಕೆ ಆಗ್ತದಾ?" ಅಂದರು. ಇನ್ನೊಬ್ಬರು, "ಗಂಜಿ ಸರಿಯಾದರೆ ಸಾಕು, ಅಕ್ಕಿಯ ಜಾತಕ ಯಾರಿಗೆ ಬೇಕು?" ಅಂದರು. ನನಗೆ ಪಿತ್ತ ನೆತ್ತಿಗೇರಿತು. ಎದ್ದೆ. "ಮೂಲ ಯಾವುದು, ತಿದ್ದಿದ್ದು ಯಾರು ಅಂತ ಚೀಟಿ ಅಂಟಿಸದೆ ಒಂದು ಕಾಳೂ ಮಾರಬಾರದು! ಉಣ್ಣುವವನಿಗೆ ಗೊತ್ತಿರಬೇಕು!"

ಚಪ್ಪಾಳೆ ಬಿತ್ತು. ಎಲ್ಲರಿಗಿಂತ ಜೋರಾಗಿ ತಟ್ಟಿದ್ದು ನನ್ನಕ್ಕ. ಮರುದಿನದ ಹೊಸ ಅಕ್ಕಿ ಊಟಕ್ಕೆಂದು ಅಳದಂಗಡಿಯ ಗಂಡನ ಮನೆಯಿಂದ ಬಂದಿದ್ದಳು.

"ಚಂದ ಮಾತಾಡಿದೆ," ಅಂದಳು ದಾರಿಯಲ್ಲಿ. "ಅಪ್ಪ ಹೋದ ಮೇಲೂ ಅವರ ಬೀಜ ಉಳಿಸಿದ್ದೀಯಲ್ಲ, ನನಗೆ ಅದೇ ಹೆಮ್ಮೆ. ಈ ಸಲ ನನಗೂ ಒಂದು ಮುಡಿ ಬೀಜ ಕೊಡು. ನಮ್ಮ ಗದ್ದೆಯಲ್ಲೂ ಅಪ್ಪನ ಭತ್ತ ಬೆಳೆಯಲಿ."

ಅಪ್ಪನ ಬೀಜ ಎಲ್ಲಿಂದ ತರಲಿ ಮಾರಾಯ್ರೆ? ಆರು ವರ್ಷದ ಹಿಂದೆಯೇ ಇಲಿಗಳು ಅದನ್ನು ತಿಂದು ತೇಗಿದ್ದವು. ಬೈಹುಲ್ಲಿನಲ್ಲಿ ಬಿಗಿದು ಕಟ್ಟಿದ ಮುಡಿ ಹೊರಗೆ ದುಂಡಗೇ ಇತ್ತು, ಒಳಗೆ ಬರೀ ಉಮಿ. ನಾನು ಮೂಡುಬಿದಿರೆ ಪೇಟೆಯಿಂದ ಬೀಜ ತಂದು, ಅದೇ ಮುಡಿಗೆ ತುಂಬಿ, ಹೆಂಡತಿಗೂ ಹೇಳದೆ ಬಿತ್ತಿದೆ. ಅಂದಿನಿಂದ ಪ್ರತಿ ವರ್ಷವೂ ಅಕ್ಕ ಮೊದಲ ತುತ್ತಿಗೆ ಕಣ್ಣು ಮುಚ್ಚಿ "ಅಪ್ಪನ ಅಕ್ಕಿಯ ರುಚಿ!" ಅನ್ನುತ್ತಾಳೆ. ಆ ಮುಖ ನೋಡಿ ನಿಜ ಹೇಳಲಿಕ್ಕೆ ನನಗೆ ಬಾಯಿ ಬರಲಿಲ್ಲ. ಆದರೆ ಈಗ ಅವಳು ಅದನ್ನೇ ಬಿತ್ತುತ್ತಾಳೆ!

ಮರುದಿನ ಎಲೆ ಹಾಕಿದರು. ನಮ್ಮಲ್ಲಿ ಹೊಸ ಅಕ್ಕಿಯನ್ನು ಸುಮ್ಮನೆ ಬಾಯಿಗಿಡುವ ಹಾಗಿಲ್ಲ. ಹಿರಿಯರನ್ನು ನೋಡಿ "ಹೊಸತು ಉಣ್ತೇನೆ" ಅಂತ ಕೇಳಬೇಕು, ಅವರು "ಉಣ್ಣು" ಅನ್ನಬೇಕು. ಮನೆಗೆ ಹಿರಿಯಳು ಅಕ್ಕ, ಅವಳ ನಂತರ ನಾನು. ನಾನು ಕೇಳದೆ ಕಿರಿಯರು ಕೇಳುವ ಹಾಗಿಲ್ಲ. ಹಸಿದ ಪಂಕ್ತಿ ಇಡೀ ನನ್ನ ಬಾಯಿಯನ್ನೇ ನೋಡುತ್ತಿತ್ತು.

"ಅಕ್ಕ, ಹೊಸತು..." ಅಂದೆ. ಮುಂದೆ ಹೋಗಲಿಲ್ಲ. ಬದಲಿಗೆ ಇಲಿಯ ಕಥೆ ಪೂರಾ ಹೊರಗೆ ಬಿತ್ತು.

ಅಕ್ಕನ ಕಣ್ಣು ತುಂಬಿತ್ತು. ಆಮೇಲೆ ಒಂದು ತುತ್ತು ಬಾಯಿಗಿಟ್ಟು, ಈ ಸಲ ಕಣ್ಣು ಮುಚ್ಚದೆ ಅಗಿದಳು.

"ಅಕ್ಕಿ ಒಳ್ಳೆದುಂಟು. ಕಾನೂನು ಬೇಕಾದದ್ದು ಅದಕ್ಕಲ್ಲ, ನಿನಗೆ," ಅಂದಳು. "ಹ್ಞಾಂ, ಉಣ್ಣು."

ಸಂಜೆ ರಿಕ್ಷಾಕ್ಕೆ ಬೀಜದ ಮುಡಿ ಹಾಕುವಾಗ ಹಳೇ ಕ್ಯಾಲೆಂಡರಿನ ರಟ್ಟು ತರಿಸಿದಳು. ತಾನು ಹೇಳಿದ ಹಾಗೆ ನನ್ನ ಕೈಯಲ್ಲೇ ಬರೆಸಿ, ಮುಡಿಗೆ ಕಟ್ಟಿಸಿದಳು: "ಬೀಜ ಪೇಟೆಯದ್ದು. ಸುಳ್ಳು ತಮ್ಮನದ್ದು."