ಮಣೆಯ ಮೇಲೆ ಕೂತಿದ್ದ ಫೈರ್‌ವಾಲ್

ಮನೆಯಲ್ಲಿ ನೆಟ್ ಇಲ್ಲದ ಕಾಲ. ಆಯುಧಪೂಜೆಯ ಮಧ್ಯಾಹ್ನ ಗಾಂಧಿಬಜಾರಿನ ಬ್ರೌಸಿಂಗ್ ಸೆಂಟರಿನಲ್ಲಿ ಕೂತು, ಚಾಮರಾಜಪೇಟೆಯ ಒಂದು ಕ್ಲಿನಿಕಲ್ ಲ್ಯಾಬಿನ ಬಾಗಿಲುಗಳನ್ನು ತಟ್ಟುತ್ತಿದ್ದೆ. ಅಲ್ಲಿನ ಕಂಪ್ಯೂಟರಿಗೆ ಫೈರ್‌ವಾಲ್ ಹಾಕಿದವಳು ನಾನೇ. ಹೊರಗಿನಿಂದ ಕಂಪ್ಯೂಟರಿಗೆ ಬರುವ ದಾರಿಗಳಿಗೆ ಪೋರ್ಟ್ ಎನ್ನುತ್ತೇವೆ. ಬೇಡದ್ದನ್ನು ಮುಚ್ಚಿ ಕಾಯುವುದು, ನೆಟ್ಟಿನ ವೈರಿಗೂ ಕಂಪ್ಯೂಟರಿಗೂ ನಡುವೆ ಕೂರುವ ಫೈರ್‌ವಾಲ್ ಪೆಟ್ಟಿಗೆಯ ಕೆಲಸ. ಹಿಂದಿನ ದಿನವಷ್ಟೇ ಅದರ ನಿಯಮಗಳನ್ನು ಬಿಗಿ ಮಾಡಿ ಬಂದಿದ್ದೆ. ಒಳಗೆ ಕೂತು ನೋಡಿದರೆ ಎಲ್ಲವೂ ಭದ್ರವಾಗಿಯೇ ಕಾಣುತ್ತದೆ, ನನಗೆ ಅದರಲ್ಲಿ ನಂಬಿಕೆಯಿಲ್ಲ. ಹೊರಗಿನಿಂದ ತಟ್ಟಿ ನೋಡಬೇಕು.

ತಟ್ಟಿದೆ. ಮುಚ್ಚಿರಬೇಕಾದ ಪೋರ್ಟುಗಳೆಲ್ಲ ತೆರೆದಿದ್ದವು. ರೋಗಿಗಳ ರಿಪೋರ್ಟುಗಳ ಫೋಲ್ಡರು ಪಾಸ್‌ವರ್ಡನ್ನೂ ಕೇಳದೆ ತೆರೆದುಕೊಂಡಿತು. ಅದರಲ್ಲಿ ನನ್ನದೂ ಒಂದಿತ್ತು, ಎದೆಯ ಗಂಟಿನದು. ಬಂದ ಫಲಿತಾಂಶ ಒಳ್ಳೆಯದಿರಲಿಲ್ಲ. ಅಮ್ಮನಿಗೆ ಹೇಳಲು ಇನ್ನೂ ಧೈರ್ಯ ಬಂದಿರಲಿಲ್ಲ.

ಆಟೋ ಹಿಡಿದು ಓಡಿದೆ. ಲ್ಯಾಬಿಗೆ ಬೀಗ. ಮಹಡಿಯ ಮೇಲೆ ಲ್ಯಾಬ್ ನಡೆಸುವ ಡಾಕ್ಟರ ಮನೆ; ಹೋಳಿಗೆ ಊಟ ಮುಗಿಸಿದ್ದ ಅವರೇ ಇಳಿದು ಬಂದು ಬೀಗ ತೆಗೆದರು. ಫೈರ್‌ವಾಲಿನ ಪೆಟ್ಟಿಗೆ ಮೈಕ್ರೋಸ್ಕೋಪಿನ ಪಕ್ಕದಲ್ಲಿ, ಕುಂಕುಮ ಹಚ್ಚಿಸಿಕೊಂಡು, ಸೇವಂತಿಗೆ ಮುಡಿದು ಮಣೆಯ ಮೇಲೆ ಕೂತಿತ್ತು.

“ಇದನ್ಯಾಕೆ ತೆಗೆದ್ರಿ ಡಾಕ್ಟ್ರೇ?”

“ಹೊಸ ಮಿಷಿನ್ನು, ಪೂಜೆಗಿಡದೆ ಇರಕ್ಕಾಗತ್ತೇನಮ್ಮಾ? ಬೆಳಿಗ್ಗೆನೇ ವೈರ್‌ನ ನೇರ ಕಂಪ್ಯೂಟರ್‌ಗೆ ಸಿಗಿಸ್ದೆ. ನೆಟ್ ಚೆನ್ನಾಗೇ ಬರ್ತಿದೆ.”

ಸಿಟ್ಟು ನೆತ್ತಿಗೇರಿತು. ಕಾವಲಿಗಿದ್ದದ್ದಕ್ಕೆ ಮಂಗಳಾರತಿ ಎತ್ತಿ, ಬಾಗಿಲು ಹಾರುಹೊಡೆದು ಊಟಕ್ಕೆ ಹೋಗಿದ್ದಾರೆ! ವೈರನ್ನು ಕಿತ್ತೆ.

“ಅಯ್ಯೋ, ಕೀಳ್ಬೇಡಮ್ಮಾ! ನರ್ಸಿಂಗ್ ಹೋಮ್‌ನಲ್ಲಿ ಆಪರೇಷನ್ನಿಗೆ ರಿಪೋರ್ಟ್ ಕಾಯ್ತಿದಾರೆ. ಈಗ್ಲೇ ಕಳಿಸ್ಬೇಕು.”

“ಹಾಗಾದ್ರೆ ಆ ಪೆಟ್ಟಿಗೆ ಕೊಡಿ.”

“ನಾಳೆ ವಿಜಯದಶಮಿ ಪೂಜೆ ಆಗೋ ತನಕ ಮುಟ್ಟೋ ಹಾಗಿಲ್ವಲ್ಲಮ್ಮಾ...” ಅವರ ಕೈ ಮಣೆಯ ತನಕ ಹೋಗಿ ವಾಪಸು ಬಂತು.

ಗಲಾಟೆ ಕೇಳಿ ಅವರ ಹೆಂಡತಿ ಕೆಳಗೆ ಬಂದರು. ವಿಷಯ ಹೇಳಿದೆ. “ನನ್ನ ರಿಪೋರ್ಟೂ ಅದ್ರಲ್ಲಿದೆ ಆಂಟಿ” ಎಂದೆ. ಅವರು ಅಕ್ಷತೆ ಹಾಕಿ, ಪೂಜೆ ಮುಗಿದ ಮೇಲೆ ಕಲಶವನ್ನು ಕದಲಿಸುವಂತೆ, ಪೆಟ್ಟಿಗೆಯನ್ನು ಒಂಚೂರು ಉತ್ತರಕ್ಕೆ ಸರಿಸಿದರು.

“ವಿಸರ್ಜನೆ ಆಯ್ತು. ತಗೋಮ್ಮಾ.”

ಕುಂಕುಮದ ಕೈಯಲ್ಲೇ ವೈರು ಜೋಡಿಸಿದೆ. ನರ್ಸಿಂಗ್ ಹೋಮಿಗೆ ರಿಪೋರ್ಟು ಹೋಯಿತು. ಮತ್ತೆ ಬ್ರೌಸಿಂಗ್ ಸೆಂಟರಿಗೆ ಹೋಗಿ ತಟ್ಟಿದೆ; ಒಂದು ಪೋರ್ಟೂ ತೆರೆಯಲಿಲ್ಲ. ಆದರೂ ಸಮಾಧಾನವಾಗಲಿಲ್ಲ. ಬೆಳಗಿನಿಂದ ಯಾರು ಬಂದರು, ಏನು ನೋಡಿಕೊಂಡು ಹೋದರು ಎಂದು ಗುರುತಿಟ್ಟು ಹೇಳಬೇಕಾಗಿದ್ದದ್ದು ಅದೇ ಪೆಟ್ಟಿಗೆ. ಅದನ್ನೇ ಕಳಚಿಟ್ಟಿದ್ದರು. ಇನ್ನು ಯಾವತ್ತಿಗೂ ಗೊತ್ತಾಗುವುದಿಲ್ಲ.

ಮನೆಗೆ ಬಂದಾಗ ಅಮ್ಮ ಹೂ ಕಟ್ಟುತ್ತ ಕೂತಿದ್ದಳು. ಬೇರೆ ಯಾರದೋ ಬಾಯಿಂದ ಅವಳು ಕೇಳಬಾರದು ಅನ್ನಿಸಿತು. ಚಪ್ಪಲಿ ಬಿಟ್ಟವಳೇ ಅವಳ ಪಕ್ಕ ಕೂತೆ.

“ಹೂ ಆಮೇಲೆ ಕಟ್ಟೀಯಂತಮ್ಮಾ. ನಿಂಗೊಂದು ವಿಷ್ಯ ಹೇಳ್ಬೇಕು.”